ನರ್ಸಮ್ಮನ ರಿಜಿಸ್ಟರು ಮತ್ತು ನಮ್ಮ ಕೇರಿಯ ಮುದುಕರು

ನಮ್ಮ ಕೇರಿಯ ಮುದುಕಿಯರಿಗೆ ಇಸವಿಗಳು ಗೊತ್ತಿಲ್ಲ. ಅವರ ಲೆಕ್ಕವೆಲ್ಲ ಬರದ ಮೇಲೆ, ಬೇನೆಯ ಮೇಲೆ, ಹೆತ್ತು ಕಳಕೊಂಡ ಮಕ್ಕಳ ಮೇಲೆ. ಕಾಲರಾ ಬಂದ ವರ್ಷ, ಕೆರೆ ಒಣಗಿದ ವರ್ಷ, ಆಪರೇಷನ್ನಿಗೆ ಹಿಡಕೊಂಡು ಹೋದ ವರ್ಷ ಅಂತ ಹೇಳುತ್ತಾರೆ. ಸರ್ಕಾರದ ಹತ್ತಿರ ಇಸವಿಗಳಿವೆ, ವರದಿಗಳಿವೆ, ಕಮಿಟಿಗಳ ಹೆಸರುಗಳಿವೆ. ಆದರೆ ಅವುಗಳಲ್ಲಿ ಈ ಮುದುಕಿಯರಿಲ್ಲ. ವಿದ್ವಾಂಸರು ವರದಿಗಳನ್ನು ಓದಿ ಚರಿತ್ರೆ ಬರೆದರು. ಮುದುಕಿಯರ ಮಾತು ಕೇಳಬೇಕಾದರೆ ಕೇರಿಗೆ ಬರಬೇಕಿತ್ತು, ಬರಲಿಲ್ಲ. ನಾವು ಇಲ್ಲಿ ಎರಡನ್ನೂ ಒಂದೇ ಜಗುಲಿಯ ಮೇಲೆ ಕೂರಿಸಿ ಮಾತಾಡಬೇಕೆಂದಿದ್ದೇವೆ. ವಿಷಯ ಊರೂರಿಗೆ ಬರುವ ನರ್ಸಮ್ಮನದು. ಆಕೆ ಚೀಲದಲ್ಲಿ ತಂದ ಆರೋಗ್ಯದ ಬುದ್ಧಿಮಾತು ನಮ್ಮ ಹಿರಿಯರಿಗೆ ಏನು ಕೊಟ್ಟಿತು, ಯಾವ ವಯಸ್ಸಿನಲ್ಲಿ ಅವರನ್ನು ಕೈಬಿಟ್ಟಿತು ಎಂಬುದು.

ಇದೇನು ಚರಿತ್ರೆಯೇ ಎಂದು ಕೆಲವರು ಮೂಗು ಮುರಿಯಬಹುದು. ಕೊಂಚ ಯೋಚಿಸಿ ನೋಡಿ ಗೆಳೆಯರೇ. ನಮ್ಮ ಕೇರಿಗೆ ಸರ್ಕಾರದ ಕಡೆಯಿಂದ ಯಾರು ಯಾರು ಬರುತ್ತಿದ್ದರು? ಕಂದಾಯದವನು, ಪೊಲೀಸಿನವನು, ಜನಗಣತಿಯವನು. ಇವರೆಲ್ಲ ಕೇರಿಯ ಬಾಯಲ್ಲೇ ನಿಂತು ಕೂಗುತ್ತಿದ್ದರು. ಬರೆದುಕೊಳ್ಳುವುದನ್ನು ದೂರದಿಂದಲೇ ಬರೆದುಕೊಳ್ಳುತ್ತಿದ್ದರು. ಆದರೆ ನಾಡಿಯನ್ನು ದೂರದಿಂದ ಹಿಡಿಯಲು ಬರುವುದಿಲ್ಲ. ಬಸುರಿಯ ಹೊಟ್ಟೆಯನ್ನು ಬಾಗಿಲಾಚೆ ನಿಂತು ಮುಟ್ಟಲು ಬರುವುದಿಲ್ಲ. ಹಾಗಾಗಿ ನಮ್ಮ ಮೈ ಮುಟ್ಟುವುದೇ ಕೆಲಸವಾಗಿದ್ದ ಮೊದಲ ಸರ್ಕಾರಿ ನೌಕರಳು ನರ್ಸಮ್ಮ. ಮೈ ಮುಟ್ಟದ ನರ್ಸಮ್ಮಂದಿರೂ ಇದ್ದರು, ಅವರ ಕಥೆಯನ್ನು ಮುಂದೆ ಹೇಳುತ್ತೇವೆ.

ಈ ಕೆಲಸದ ಮೂಲವನ್ನು ಎಲ್ಲಿಂದ ಹಿಡಿಯಬೇಕು? ಪಠ್ಯಪುಸ್ತಕಗಳು ಫ್ಲಾರೆನ್ಸ್ ನೈಟಿಂಗೇಲಳ ದೀಪದಿಂದ ಶುರು ಮಾಡುತ್ತವೆ. ಆ ತಾಯಿಗೆ ನಮಸ್ಕಾರ. ಆದರೆ ನಮಗೆ ಹತ್ತಿರದ ಒಂದು ಹೆಸರಿದೆ. 1897ರಲ್ಲಿ ಪುಣೆಯಲ್ಲಿ ಪ್ಲೇಗು ಹಬ್ಬಿದಾಗ ಸಾವಿತ್ರಿಬಾಯಿ ಫುಲೆಗೆ 66 ವರ್ಷ. ಗಂಡ ಜ್ಯೋತಿಬಾ ತೀರಿಕೊಂಡು ಆರು ವರ್ಷವಾಗಿತ್ತು. ಸಾಕುಮಗ ಯಶವಂತ ಡಾಕ್ಟರು. ಅವನನ್ನು ಕರೆಸಿ ಹಡಪ್ಸರದ ಕಡೆ ಊರಾಚೆ ಒಂದು ಆಸ್ಪತ್ರೆ ಹಾಕಿಸಿದರು. ಪ್ಲೇಗಿನ ಗಡ್ಡೆ ಎದ್ದ ಮಹಾರ ಕೇರಿಯ ಹುಡುಗನೊಬ್ಬನನ್ನು ಬೆನ್ನ ಮೇಲೆ ಹೊತ್ತು ತಂದರು. ಹುಡುಗ ಬದುಕಿದ. ಅಂಟಿಕೊಂಡ ಪ್ಲೇಗಿನಿಂದ ಸಾವಿತ್ರಿಬಾಯಿ ಮಾರ್ಚ್ 10ರಂದು ತೀರಿಕೊಂಡರು. ಆಕೆಯನ್ನು ಮೊದಲ ಶಿಕ್ಷಕಿ ಎಂದು ಮಾತ್ರ ಹಾಡಿ ಹೊಗಳಿ ಮುಗಿಸುತ್ತಾರೆ. ಮನೆಮನೆಗೆ ಹೋಗಿ ರೋಗಿಯನ್ನು ಹುಡುಕಿದ ಮುದುಕಿಯೊಬ್ಬಳು ನಮ್ಮ ಸಮುದಾಯ ನರ್ಸಿಂಗಿನ ಹೆದ್ದಾರಿಯ ಮೊದಲ ಕಲ್ಲು ಎಂದು ನರ್ಸಿಂಗ್ ಕಾಲೇಜಿನ ಗೋಡೆಯ ಮೇಲೆ ಯಾಕೆ ಬರೆಯಬಾರದು?

ಮರುವರ್ಷ, 1898ರಲ್ಲಿ, ಪ್ಲೇಗು ಬೆಂಗಳೂರಿಗೆ ಬಂತು. ಆಗ ಸರ್ಕಾರ ಜನರ ಮನೆಗೆ ಬಂದದ್ದು ನರ್ಸಿನ ರೂಪದಲ್ಲಲ್ಲ, ತಪಾಸಣೆಯ ಪಡೆಯ ರೂಪದಲ್ಲಿ. ಜನ ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು, ರೋಗಿಗಳನ್ನು ಬಚ್ಚಿಟ್ಟರು, ಪ್ಲೇಗಮ್ಮನಿಗೆ ಗುಡಿ ಕಟ್ಟಿದರು. ಬಿಳಿ ಬಟ್ಟೆಯವರನ್ನು ಕಂಡರೆ ಓಡುವ ಅಭ್ಯಾಸ ಮೌಢ್ಯದಿಂದ ಮಾತ್ರ ಬಂತು ಎನ್ನುವವರು ಈ ಕಾಲವನ್ನು ಓದಬೇಕು. ಅಧಿಕಾರ ಬಂದೂಕಿನ ಜೊತೆಗೆ ಔಷಧಿ ತಂದರೆ ಜನ ಬಂದೂಕನ್ನೇ ಮೊದಲು ನೋಡುತ್ತಾರೆ.

ಅದಕ್ಕೂ ಮುಂಚೆ ನಮ್ಮ ಹಳ್ಳಿಗಳಲ್ಲಿ ಆರೋಗ್ಯದ ಕೆಲಸ ಮಾಡುತ್ತಿದ್ದವಳು ಸೂಲಗಿತ್ತಿ. ನಾಡಿನ ಎಷ್ಟೋ ಕಡೆ ಆಕೆ ಕೆಳಜಾತಿಯವಳು. ಹೊಕ್ಕುಳಬಳ್ಳಿ ಕತ್ತರಿಸುವುದು, ಮಾಸು ಹೂಳುವುದು, ರಕ್ತದ ಬಟ್ಟೆ ಒಗೆಯುವುದು ಮೈಲಿಗೆಯ ಕೆಲಸ. ಅದಕ್ಕೇ ಅದು ಕೆಳಗಿನವರ ಪಾಲು. ಗೌಡರ ಮನೆಯ ಸೊಸೆಯ ಹೊಟ್ಟೆಯೊಳಗೆ ಕೈ ಹಾಕಬಹುದಾಗಿದ್ದ ಹೆಂಗಸು ಆ ಮನೆಯ ನೀರಿನ ಗಡಿಗೆ ಮುಟ್ಟುವಂತಿರಲಿಲ್ಲ. ನಮ್ಮ ಜಾತಿ ಪದ್ಧತಿಯ ತರ್ಕ ಇಷ್ಟು ಚೆಂದ! 1885ರಲ್ಲಿ ವೈಸರಾಯನ ಹೆಂಡತಿ ಡಫರಿನ್ ದೊರೆಸಾನಿಯ ಹೆಸರಿನ ನಿಧಿ ಬಂತು, 1903ರಲ್ಲಿ ಸೂಲಗಿತ್ತಿಯರ ತರಬೇತಿಗೆಂದು ವಿಕ್ಟೋರಿಯಾ ನಿಧಿ ಬಂತು. ಎರಡರ ಸುತ್ತಲ ಬರವಣಿಗೆಯಲ್ಲೂ ಸೂಲಗಿತ್ತಿಯೆಂದರೆ ಕೊಳಕಿ, ಅಜ್ಞಾನಿ. ಕೊಳಕು ಇದ್ದದ್ದು ನಿಜ, ಬಾಣಂತಿಯರು ನಂಜಾಗಿ ಸತ್ತದ್ದೂ ನಿಜ. ಅದನ್ನು ಮುಚ್ಚಿಡುವ ಅಗತ್ಯ ನಮಗಿಲ್ಲ. ಆದರೆ ಕೊಳಕನ್ನು ಅವಳ ಪಾಲಿಗೆ ಹಂಚಿದವರು ಯಾರು ಎಂದು ಆ ಬರವಣಿಗೆ ಕೇಳಲಿಲ್ಲ. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಕೊಟ್ಟಾಗ ಸಾವಿರಾರು ಹೆರಿಗೆಗಳನ್ನು ಕಾಸು ಮುಟ್ಟದೆ ಮಾಡಿಸಿದ ಆ ಕೈಗಳನ್ನು ದೇಶ ನೋಡಿತು. ಅದೇ ವರ್ಷ ಡಿಸೆಂಬರಿನಲ್ಲಿ ಅವರು ತೀರಿಕೊಂಡರು. ಅಂಥ ಉಳಿದ ಕೈಗಳಿಗೆ ಹೆಸರೂ ಇಲ್ಲ.

ಮೈಸೂರು ಸಂಸ್ಥಾನ ಆರೋಗ್ಯದ ವಿಷಯದಲ್ಲಿ ಬೇರೆ ಸೀಮೆಗಳಿಗಿಂತ ಮುಂದಿತ್ತು ಎಂದು ಹೇಳುತ್ತಾರೆ. ಹೇಳಲಿ, ಸುಳ್ಳಲ್ಲ. 1930ರಲ್ಲಿ ಸಂತಾನ ನಿಯಂತ್ರಣದ ಕ್ಲಿನಿಕ್ಕುಗಳನ್ನು ತೆರೆಯಲು ಸರ್ಕಾರವೇ ಮುಂದಾಯಿತು. ಸರ್ಕಾರವೊಂದು ಇಂಥ ಕೆಲಸಕ್ಕೆ ಕೈ ಹಾಕಿದ್ದು ಲೋಕದಲ್ಲೇ ಮೊದಲ ಸಾಲಿನದು. ಅಮೆರಿಕದ ರಾಕ್‌ಫೆಲರ್ ಫೌಂಡೇಶನ್ನಿನ ನೆರವಿನಿಂದ ಕ್ಲೋಸ್‌ಪೇಟೆಯಲ್ಲಿ, ಅಂದರೆ ಇಂದಿನ ರಾಮನಗರದಲ್ಲಿ, 1930ರ ದಶಕದಲ್ಲಿ ಹಳ್ಳಿ ಆರೋಗ್ಯದ ಘಟಕ ನಡೆಯಿತು. ಅತ್ತ ಮಿಷನರಿಗಳು ಬೆಂಗಳೂರಿನಲ್ಲಿ 1886ರಲ್ಲಿ ಸೇಂಟ್ ಮಾರ್ಥಾ, ಮೈಸೂರಿನಲ್ಲಿ 1906ರಲ್ಲಿ ಹೋಲ್ಡ್ಸ್‌ವರ್ತ್ ಆಸ್ಪತ್ರೆ ತೆರೆದಿದ್ದರು. ನರ್ಸಾಗಿ ಮೊದಲು ಬಂದವರಲ್ಲಿ ಕ್ರೈಸ್ತರಾದವರು, ವಿಧವೆಯರು, ದಿಕ್ಕಿಲ್ಲದ ಹೆಣ್ಣುಮಕ್ಕಳೇ ಹೆಚ್ಚು. ಮೇಲ್ಜಾತಿಯವರು ಅನ್ಯರ ಮಲಮೂತ್ರ ಬಳಿಯುವ ಕೆಲಸಕ್ಕೆ ತಮ್ಮ ಹೆಣ್ಣುಮಕ್ಕಳನ್ನು ಕಳಿಸಲಿಲ್ಲ. ಡಾಕ್ಟರಿಕೆಗೆ ಕಳಿಸಿದರು.

ದೇಶಕ್ಕೆ ಸ್ವಾತಂತ್ರ್ಯ ಬರುವ ಹೊತ್ತಿಗೆ ಸ್ಥಿತಿ ಏನಿತ್ತು ಎಂಬುದನ್ನು 1946ರ ಭೋರ್ ಕಮಿಟಿ ವರದಿ ಹೇಳುತ್ತದೆ. ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಸುಮಾರು 7,000 ನರ್ಸುಗಳು, 5,000 ಮಿಡ್‌ವೈಫುಗಳು. ಮನೆಮನೆಗೆ ಹೋಗಿ ಆರೋಗ್ಯ ಕಲಿಸುವ ಹೆಲ್ತ್ ವಿಸಿಟರುಗಳು 750. ಅಂದರೆ ಒಬ್ಬ ಹೆಲ್ತ್ ವಿಸಿಟರಿಗೆ ನಾಲ್ಕು ಲಕ್ಷ ಜನ! ಆಗ ಹುಟ್ಟಿದ ಮಗುವಿನ ಸರಾಸರಿ ಆಯಸ್ಸು 27 ವರ್ಷದ ಆಸುಪಾಸು. ಈ ಕೊನೆಯ ಸಂಖ್ಯೆಯನ್ನು ಓದುಗರು ನೆನಪಿಟ್ಟುಕೊಳ್ಳಬೇಕು. ಮುದಿತನ ಎನ್ನುವುದು ಆಗ ಕೆಲವರಿಗೆ ಮಾತ್ರ ಸಿಗುತ್ತಿದ್ದ ಆಸ್ತಿ. ಹೊಸ ಸರ್ಕಾರ ತಾಯಿ ಮಗುವನ್ನು ಉಳಿಸುವುದರಿಂದ ಶುರು ಮಾಡಿದ್ದು ಸರಿಯೇ ಆಗಿತ್ತು. ಅದನ್ನು ನಾವು ದೂರುವುದಿಲ್ಲ.

1951ರಲ್ಲಿ ಪಂಜಾಬಿನ ತರನ್ ತಾರನ್ ಎಂಬಲ್ಲಿ ಒಂದು ಮಿಷನ್ ಆಸ್ಪತ್ರೆಯಲ್ಲಿ ಎ.ಎನ್.ಎಂ. ತರಬೇತಿ ಮೊದಲು ಶುರುವಾಯಿತು. ಎರಡು ವರ್ಷದ ಕೋರ್ಸು, ಪೂರ್ತಿ ನರ್ಸಲ್ಲ, ನರ್ಸಿಗೆ ಸಹಾಯಕಿ, ಜೊತೆಗೆ ಸೂಲಗಿತ್ತಿ. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಬಂತು, ಅದರ ಬೆನ್ನಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಬಂದವು. ಹೀಗೆ ಬಂದ ಎ.ಎನ್.ಎಂ.ಅನ್ನು ನಮ್ಮ ಜನ ನರ್ಸಮ್ಮ ಅಂದರು, ಸಿಸ್ಟ್ರಮ್ಮ ಅಂದರು. ಇಂಗ್ಲಿಷಿನ ಮೂರಕ್ಷರ ಅವರಿಗೆ ಬೇಕಾಗಿರಲಿಲ್ಲ.

ಹಿರಿಯರನ್ನು ಕೇಳಿದರೆ ಮೊದಲ ನರ್ಸಮ್ಮನ ನೆನಪು ಒಬ್ಬೊಬ್ಬರಲ್ಲಿ ಒಂದೊಂದು ತರ. ಬಿಳಿ ಸೀರೆ, ಹೆಗಲಿಗೆ ಚೀಲ, ಕೊಡೆ. ಬಸ್ಸು ಇಳಿದು ಮೂರು ನಾಲ್ಕು ಮೈಲಿ ನಡಿಗೆ. ನೀರು ಕುದಿಸಿ ಅಂದಳು, ಬ್ಲೇಡು ಕುದಿಸಿ ಅಂದಳು, ಹೊಕ್ಕುಳಿಗೆ ಸಗಣಿ ಬೂದಿ ಹಚ್ಚಬೇಡಿ ಅಂದಳು. ನೀರು ಕುದಿಸಲು ಸೌದೆ ಎಲ್ಲಿಂದ ತರಬೇಕು ಎಂದು ಮಾತ್ರ ಹೇಳಲಿಲ್ಲ ಎಂದು ಒಬ್ಬ ಅಜ್ಜಿ ಇವತ್ತಿಗೂ ನಗುತ್ತಾರೆ. ಕೆಂಪು ಮಾತ್ರೆ ಕೊಟ್ಟಳು, ತಿಂದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಅದನ್ನು ತಿಪ್ಪೆಗೆ ಎಸೆದವರೂ ಇದ್ದರು. ಆದರೆ ಧನುರ್ವಾಯುವಿನ ಸೂಜಿ ಹಾಕಿಸಿಕೊಂಡ ಮೇಲೆ ಎಳೆಮಕ್ಕಳು ಸೆಟೆದುಕೊಂಡು ಸಾಯುವುದು ಕಡಿಮೆಯಾಯಿತು ಎಂಬುದನ್ನು ಹಿರಿಯರು ತಾವಾಗಿಯೇ ಹೇಳುತ್ತಾರೆ. ಸಿಡುಬಿನ ಮಾತು ಬಂದರೆ ತೋಳು ತೋರಿಸುತ್ತಾರೆ, ಮೈಲಿ ಹಾಕಿಸಿಕೊಂಡ ದುಂಡನೆಯ ಕಲೆ. 1975ರ ಮೇ ತಿಂಗಳ ನಂತರ ಇಂಡಿಯಾದಲ್ಲಿ ಸಿಡುಬು ಕಾಣಿಸಲಿಲ್ಲ, 1977ರಲ್ಲಿ ದೇಶ ಸಿಡುಬುಮುಕ್ತವೆಂದು ಘೋಷಣೆಯಾಯಿತು. ಅಮ್ಮನಿಗೆ ತಂಬಿಟ್ಟಿನ ಆರತಿ ಎತ್ತಿದವರೇ ತೋಳನ್ನೂ ಚಾಚಿದವರು. ಎರಡನ್ನೂ ಒಟ್ಟಿಗೆ ಮಾಡಲು ಅವರಿಗೆ ಏನೂ ತೊಡಕಾಗಲಿಲ್ಲ. ನಮ್ಮ ವಿಚಾರವಾದಿ ಗೆಳೆಯರು ಇದನ್ನು ಸ್ವಲ್ಪ ಸಮಾಧಾನದಿಂದ ಯೋಚಿಸಬೇಕು.

ಇನ್ನು ಮುಟ್ಟುವ ಮಾತು. ಮುಟ್ಟಿ ನೋಡಿದ ನರ್ಸಮ್ಮನನ್ನು ಮುದುಕಿಯರು ಹೆಸರಿಟ್ಟು ನೆನೆಯುತ್ತಾರೆ. ಯಾವ ಮದ್ದು ಕೊಟ್ಟಳು ಎಂಬುದು ಮರೆತಿದೆ. “ಚಾಪೆ ಮ್ಯಾಲೆ ಕೂತ್ಕಂಡು ನನ್ ಕೈ ಹಿಡ್ಕಂಡ್ಲು” ಎನ್ನುವುದು ಮರೆತಿಲ್ಲ. ಬಾರದ ನರ್ಸಮ್ಮನೂ ಮರೆತಿಲ್ಲ. ಆಕೆ ಊರೊಳಗೆ ಕೂತು ಕೇರಿಯವರನ್ನು ಅಲ್ಲಿಗೇ ಕರೆಸುತ್ತಿದ್ದಳು, ಮಾತ್ರೆಯನ್ನು ಕೈಗೆ ಹಾಕುವಾಗ ಮೇಲಿನಿಂದ ಬಿಡುತ್ತಿದ್ದಳು. ಇದು ಬರೀ ಹಳೆಯ ಕಥೆಯಲ್ಲ. ಕರ್ನಾಟಕವೂ ಸೇರಿದಂತೆ 11 ರಾಜ್ಯಗಳ 565 ಹಳ್ಳಿಗಳಲ್ಲಿ ಅಸ್ಪೃಶ್ಯತೆಯ ಬಗ್ಗೆ ನಡೆದ ಸಮೀಕ್ಷೆಯೊಂದು 2006ರಲ್ಲಿ ಪುಸ್ತಕವಾಗಿ ಬಂತು. ಸುಮಾರು ಮೂರರಲ್ಲಿ ಒಂದು ಹಳ್ಳಿಯಲ್ಲಿ ಆರೋಗ್ಯ ಕಾರ್ಯಕರ್ತರು ದಲಿತರ ಮನೆಗೆ ಹೋಗಲು ಒಲ್ಲೆ ಎನ್ನುತ್ತಾರೆ ಎಂದು ಅದು ಹೇಳಿತು. ಮನೆಗೇ ಹೋಗದವರು ಆರೋಗ್ಯದ ಬೋಧನೆ ಎಲ್ಲಿ ಮಾಡುತ್ತಾರೆ? ಮಾರಮ್ಮನ ಗುಡಿಯ ಜಗುಲಿಯ ಮೇಲೆ. ಆ ಜಗುಲಿ ನಮ್ಮ ಮುದುಕರು ಹತ್ತುವ ಜಗುಲಿಯೇ?

ಇದರ ಇನ್ನೊಂದು ಮುಖವನ್ನೂ ಹೇಳಬೇಕು. ನರ್ಸಮ್ಮ ನಮ್ಮವಳೇ ಆಗಿದ್ದಾಗ ಏನಾಯಿತು? ಮೀಸಲಾತಿಯಿಂದ ಓದಿ ಬಂದ ನಮ್ಮ ಅಕ್ಕಂದಿರು ಬಾಡಿಗೆಗೆ ಮನೆ ಸಿಗದೆ ಉಪಕೇಂದ್ರದ ಸೋರುವ ಕೋಣೆಯಲ್ಲಿ ಮಲಗಿದರು. ಊರೊಳಗಿನ ಮನೆಗಳಲ್ಲಿ ಬಸುರಿಯನ್ನು ಹಿತ್ತಲಿಗೆ ಕರೆಸಿ ತೋರಿಸಿದರು, ಇವರು ಮುಟ್ಟಿ ಹೋದ ಮೇಲೆ ಮಡಿನೀರು ಹುಯ್ದುಕೊಂಡರು. ಒಂಟಿ ಹೆಂಗಸೆಂದು ಬಾಗಿಲು ತಟ್ಟಿದ ಗಂಡಸರ ಕಥೆಗಳನ್ನು ಅವರು ನಮಗೆ ಪೂರ್ತಿ ಹೇಳಲಾರರು. ನಾವೂ ಒತ್ತಾಯ ಮಾಡಿ ಕೇಳುವುದಿಲ್ಲ.

ಈಗ ರಿಜಿಸ್ಟರಿಗೆ ಬರೋಣ. ನಮ್ಮ ಲೇಖನದ ಮುಖ್ಯ ಮಾತು ಇರುವುದು ಅದರೊಳಗೆ. ನರ್ಸಮ್ಮನ ಚೀಲದಲ್ಲಿ ಮದ್ದಿಗಿಂತ ಭಾರವಾದದ್ದು ಅದು. ಅದರ ಹೆಸರು ಅರ್ಹ ದಂಪತಿಗಳ ರಿಜಿಸ್ಟರು. ಹೆಂಡತಿಯ ವಯಸ್ಸು 15ರಿಂದ 45ರೊಳಗೆ ಇರುವ ಗಂಡಹೆಂಡತಿಯ ಪಟ್ಟಿ, ಮುಂದೆ ಅದು 49ಕ್ಕೆ ಏರಿತು. ಎಷ್ಟು ಮಕ್ಕಳು, ಕೊನೆಯದಕ್ಕೆ ಎಷ್ಟು ವಯಸ್ಸು, ಆಪರೇಷನ್ ಆಗಿದೆಯೋ ಇಲ್ಲವೋ. 1973ರ ಕರ್ತಾರ್ ಸಿಂಗ್ ಕಮಿಟಿ ಈ ನರ್ಸಮ್ಮನನ್ನು ವಿವಿಧೋದ್ದೇಶ ಕಾರ್ಯಕರ್ತೆ ಎಂದು ಕರೆಯಿತು. ಉದ್ದೇಶ ವಿವಿಧವಂತೆ! ಮೇಲಿನಿಂದ ಬಂದದ್ದು ಒಂದೇ ಉದ್ದೇಶ: ಟಾರ್ಗೆಟ್ಟು. 1975ರಿಂದ 77ರವರೆಗಿನ ತುರ್ತುಪರಿಸ್ಥಿತಿಯಲ್ಲಿ, 1976–77ರ ಒಂದೇ ವರ್ಷದಲ್ಲಿ, ದೇಶದಲ್ಲಿ 82 ಲಕ್ಷಕ್ಕೂ ಮಿಕ್ಕಿ ಸಂತಾನಹರಣ ಶಸ್ತ್ರಚಿಕಿತ್ಸೆಗಳಾದವು. ಅದರಲ್ಲಿ ಹೆಚ್ಚಿನವರು ಗಂಡಸರು. ಗಂಡಸರ ಸಿಟ್ಟು 1977ರ ಚುನಾವಣೆಯಲ್ಲಿ ಸರ್ಕಾರವನ್ನೇ ಕೆಡವಿತು. ಆಮೇಲೆ ಸರ್ಕಾರಗಳು ಪಾಠ ಕಲಿತವು. ಏನು ಪಾಠ? ಗಂಡಸರನ್ನು ಮುಟ್ಟಬಾರದು, ಹೆಂಗಸರನ್ನು ಹಿಡಿಯಬೇಕು ಎಂಬ ಪಾಠ. ಇಂದಿಗೂ ಕರ್ನಾಟಕದಲ್ಲಿ ಮದುವೆಯಾದ, ಮಕ್ಕಳು ಹೆರುವ ವಯಸ್ಸಿನ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಆಪರೇಷನ್ ಆದವರು. ಗಂಡಸರ ಲೆಕ್ಕ ಬೆರಳಲ್ಲಿ ಎಣಿಸುವಷ್ಟೂ ಇಲ್ಲ.

ಮಕ್ಕಳು ಬೇಡವೆನ್ನುವ ಹಕ್ಕು ಹೆಂಗಸಿಗೆ ಬೇಡ ಎಂದು ನಾವು ಹೇಳುತ್ತಿಲ್ಲ. ಬಾಬಾಸಾಹೇಬರ ಪಕ್ಷ 1938ರಲ್ಲೇ ಮುಂಬಯಿ ಶಾಸನಸಭೆಯಲ್ಲಿ ಸಂತಾನ ನಿಯಂತ್ರಣದ ಪರವಾಗಿ ನಿರ್ಣಯ ತಂದಿತ್ತು; ಸಭೆ ಅದನ್ನು ಸೋಲಿಸಿತು. ಬಾಬಾಸಾಹೇಬರು 1928ರಲ್ಲಿ ಕೂಲಿ ಹೆಂಗಸರ ಹೆರಿಗೆ ಭತ್ಯೆಯ ಪರ ಮಾತಾಡಿದವರೂ ಹೌದು. ಅವರ ಚಿಂತೆ ಹೆಂಗಸಿನ ಮೈಯ ಕಷ್ಟದ್ದು. ಟಾರ್ಗೆಟ್ಟಿನವರ ಚಿಂತೆ ಸಂಖ್ಯೆಯದು. ಟಾರ್ಗೆಟ್ಟು ಮುಟ್ಟದ ನರ್ಸಮ್ಮನ ಸಂಬಳ ತಡೆಹಿಡಿಯುತ್ತಿದ್ದರು. ಮಾರ್ಚ್ ತಿಂಗಳು ಬಂತೆಂದರೆ ಆಕೆ ಕೇರಿಯಲ್ಲಿ ಅಳುತ್ತಾ ತಿರುಗಿದ್ದನ್ನು ಕಂಡವರಿದ್ದಾರೆ. ಊರೊಳಗಿನ ಮನೆಗಳಲ್ಲಿ ಕೇಸು ಸಿಗದಿದ್ದರೆ ಕೇರಿಯಲ್ಲಿ ಸಿಗಲೇಬೇಕಿತ್ತು. ಕೂಲಿಯವರಿಗೆ ಆ ಪರಿಹಾರದ ದುಡ್ಡು ಒಂದು ತಿಂಗಳ ಅಕ್ಕಿ. ಶಾಲೆಯ ಜಗುಲಿಯ ಮೇಲೆ ಸಾಲಾಗಿ ಮಲಗಿಸಿದ್ದು, ಮೂರನೇ ದಿನಕ್ಕೇ ಕಳೆ ಕೀಳಲು ಹೋದದ್ದು, ಅಲ್ಲಿಂದ ಹಿಡಿದ ಸೊಂಟನೋವು ಇವತ್ತಿಗೂ ಬಿಟ್ಟಿಲ್ಲ ಎನ್ನುವುದು — ನಮ್ಮ ಅವ್ವಂದಿರ ತಲೆಮಾರಿನ ಯಾವ ಹೆಂಗಸನ್ನು ಕೇಳಿದರೂ ಇದೇ ಕಥೆ. 1996ರಲ್ಲಿ ಟಾರ್ಗೆಟ್ಟು ತೆಗೆದೆವು ಎಂದು ಸರ್ಕಾರ ಹೇಳಿತು. ಬೇರೆ ಹೆಸರಿನಲ್ಲಿ ಅದು ಎಷ್ಟು ವರ್ಷ ಉಳಿಯಿತೆಂದು ನರ್ಸಮ್ಮಂದಿರಿಗೆ ಗೊತ್ತು.

ಆಪರೇಷನ್ ಆದ ಮೇಲೆ? ಆ ಹೆಂಗಸು ರಿಜಿಸ್ಟರಿನಲ್ಲಿ ಮುಗಿದ ಲೆಕ್ಕ. ಮುಟ್ಟು ನಿಂತ ಮೇಲಂತೂ ಆಕೆಯ ಹೆಸರೇ ಇಲ್ಲ. ಮನೆಗೆ ನರ್ಸಮ್ಮ ಬಂದರೂ ಸೊಸೆಯನ್ನು ಕರೆ ಎನ್ನುತ್ತಿದ್ದಳು. ಮೊಮ್ಮಗುವಿಗೆ ಪೋಲಿಯೊ ಹನಿ ಹಾಕಿ ಗೋಡೆಗೆ ಸೀಮೆಸುಣ್ಣದಲ್ಲಿ ಗುರುತು ಹಾಕುತ್ತಿದ್ದಳು. ಆ ಗೋಡೆಗೇ ಒರಗಿ ಕೂತ ಮುದುಕಿಯ ಕಣ್ಣಿನ ಪೊರೆ, ಜಾರಿಬಿದ್ದ ಗರ್ಭಕೋಶ, ಮಂಡಿಯ ಊತ, ರಾತ್ರಿಯೆಲ್ಲ ಕೆಮ್ಮು — ಇವಕ್ಕೆ ರಿಜಿಸ್ಟರಿನಲ್ಲಿ ಕಾಲಂ ಇರಲಿಲ್ಲ. ಕಾಲಂ ಇಲ್ಲದ್ದನ್ನು ನರ್ಸಮ್ಮ ಬರೆಯಲಾರಳು, ಬರೆಯದ್ದಕ್ಕೆ ಮೇಲಿನಿಂದ ಮದ್ದು ಬಾರದು. ಮುದುಕರ ಗತಿಯಂತೂ ಇನ್ನೂ ಕಡೆ. ಬಿತ್ತುವವರೆಗೆ ಸರ್ಕಾರಕ್ಕೆ ಅವರೂ ಒಂದು ಕೇಸು. ಅದು ಮುಗಿದ ಮೇಲೆ ಕ್ಷಯ ಹಿಡಿದು ಕಫ ಪರೀಕ್ಷೆಗೆ ಹೋಗುವವರೆಗೂ ಅವರನ್ನು ಕೇಳಿದವರಿಲ್ಲ. ಹೀಗೆ ಸುಮಾರು ಐವತ್ತು ವರ್ಷ. ಒಂದು ತಲೆಮಾರಿನ ಹೆಂಗಸರು ತಾಯ್ತನದ ಕಾಲದಲ್ಲಿ ತಿಂಗಳಿಗೊಮ್ಮೆ ಕಂಡ ನರ್ಸಮ್ಮನನ್ನು ಮುದಿತನದಲ್ಲಿ ಬೀದಿಯಲ್ಲಿ ಹಾದುಹೋಗುವವಳಾಗಿ ಮಾತ್ರ ಕಂಡರು. ಅವಳು ನಿಂತು ಮಾತಾಡಿಸಲಿಲ್ಲವೆಂದು ಅವರಿಗೆ ಬೇಜಾರಿದೆ. ಅದು ಹೆಚ್ಚು ಕಡಿಮೆ ಗೆಳತಿಯ ಮೇಲಿನ ಬೇಜಾರು.

ಅಷ್ಟರಲ್ಲಿ ಮುದಿತನ ಹೆಚ್ಚಿತ್ತು. 2011ರ ಜನಗಣತಿಯಲ್ಲಿ 60 ದಾಟಿದವರು ದೇಶದಲ್ಲಿ 10 ಕೋಟಿಗೂ ಮಿಕ್ಕಿ. 27 ವರ್ಷದ ಆಯಸ್ಸು 70ರ ಹತ್ತಿರಕ್ಕೆ ಬಂದಿದೆ. ಸೂಜಿ, ನೀರು, ಅಕ್ಕಿ, ನರ್ಸಮ್ಮನ ನಡಿಗೆ ಇವೆಲ್ಲ ಸೇರಿ ತಂದ ಆಯಸ್ಸು ಅದು. ಆದರೆ ಅದೂ ಸಮನಾಗಿ ಹಂಚಿಕೆಯಾಗಿಲ್ಲ. ಉತ್ತರ ಮತ್ತು ಪೂರ್ವದ ಒಂಬತ್ತು ರಾಜ್ಯಗಳಲ್ಲಿ 2010–11ರಲ್ಲಿ ನಡೆದ ಸರ್ಕಾರಿ ಸಮೀಕ್ಷೆಯ ಅಂಕಿಗಳನ್ನು ಹಿಡಿದು ಮಾಡಿದ, 2022ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ ಮೇಲ್ಜಾತಿಯ ಹಿಂದೂಗಳಿಗಿಂತ ದಲಿತರ ಆಯಸ್ಸು 3 ವರ್ಷಕ್ಕೂ ಹೆಚ್ಚು ಕಡಿಮೆ, ಆದಿವಾಸಿಗಳದು 4 ವರ್ಷಕ್ಕೂ ಹೆಚ್ಚು ಕಡಿಮೆ. ಈ ಅಂತರದ ಅರ್ಧದಷ್ಟನ್ನೂ ಬಡತನದಿಂದ ವಿವರಿಸಲು ಆಗುವುದಿಲ್ಲವಂತೆ. ಉಳಿದದ್ದು ಏನು ಎಂದು ನಾವು ಬಿಡಿಸಿ ಹೇಳಬೇಕಾಗಿಲ್ಲ.

2010ರಲ್ಲಿ ಹಿರಿಯರ ಆರೋಗ್ಯಕ್ಕೆಂದೇ ಒಂದು ರಾಷ್ಟ್ರೀಯ ಕಾರ್ಯಕ್ರಮ ಬಂತು, ಮೊದಲಿಗೆ ಆಯ್ದ ಜಿಲ್ಲೆಗಳಲ್ಲಿ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ವಾರಕ್ಕೊಂದು ದಿನ ಹಿರಿಯರ ಕ್ಲಿನಿಕ್ಕು, ಹಾಸಿಗೆ ಹಿಡಿದವರ ಮನೆಗೆ ಉಪಕೇಂದ್ರದ ಕಾರ್ಯಕರ್ತೆಯ ಭೇಟಿ ಎಂದು ಕಾಗದದಲ್ಲಿ ಬರೆದರು. 2018ರಲ್ಲಿ ಉಪಕೇಂದ್ರಗಳನ್ನು ಆರೋಗ್ಯ ಮತ್ತು ಕ್ಷೇಮ ಕೇಂದ್ರ ಮಾಡುತ್ತೇವೆ ಎಂದರು. 2023ರಲ್ಲಿ ಅವಕ್ಕೆ ಆರೋಗ್ಯ ಮಂದಿರ ಎಂದು ಹೆಸರು ಬದಲಿಸಿದರು. ಮಂದಿರ! ನಮ್ಮ ಮುದುಕರನ್ನು ಯಾವ ಮಂದಿರ ಒಳಗೆ ಬಿಟ್ಟಿತ್ತೋ, ಈ ಹೆಸರನ್ನು ಹುಡುಕಿದವರನ್ನೇ ಕೇಳಬೇಕು. ಹೆಸರು ಏನಾದರೂ ಇರಲಿ, ಅಲ್ಲಿಗೆ ಸಮುದಾಯ ಆರೋಗ್ಯ ಅಧಿಕಾರಿ ಎಂಬ ಹೊಸ ಹುದ್ದೆಯಲ್ಲಿ ಬಂದವರಲ್ಲಿ ಹೆಚ್ಚಿನವರು ನರ್ಸಿಂಗ್ ಪದವಿ ಓದಿದ ಹುಡುಗ ಹುಡುಗಿಯರು. ಗುತ್ತಿಗೆ ಕೆಲಸ. 30 ದಾಟಿದ ಎಲ್ಲರ ಬಿಪಿ, ಸಕ್ಕರೆ ನೋಡುವುದು, ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಮಾಡುವುದು ಅವರ ಕೆಲಸ. ಹೀಗೆ ನರ್ಸಮ್ಮ ಮತ್ತೆ ಮುದುಕಿಯ ಬಾಗಿಲಿಗೆ ಬಂದಳು, ಈ ಸಲ ತೋಳಿಗೆ ಸುತ್ತುವ ಪಟ್ಟಿ ಹಿಡಿದು. ಮುದುಕಿಯರು ಅದಕ್ಕೆ ಒಪ್ಪಿದ ರೀತಿ ನೋಡಿದರೆ ಖುಷಿಯೂ ಆಗುತ್ತದೆ, ಹೊಟ್ಟೆಯೂ ಉರಿಯುತ್ತದೆ. ಬಿಪಿ ನೋಡುವ ದಿನ ತಲೆ ಬಾಚಿಕೊಂಡು ಒಗೆದ ಸೀರೆ ಉಟ್ಟು ಕೂರುತ್ತಾರೆ. ಎಷ್ಟು ಬಂತು ಎಂಬುದಕ್ಕಿಂತ ಮುಟ್ಟಿ ಮಾತಾಡಿಸಿದಳು ಎಂಬುದು ಅವರ ಲೆಕ್ಕ.

ಇದರ ಜೊತೆಗೆ ಆಶಾ ಕಾರ್ಯಕರ್ತೆ ತುಂಬುವ ಒಂದು ಫಾರಂ ಇದೆ. ಅದನ್ನು ಎಲ್ಲ ಮೇಷ್ಟರುಗಳೂ ಒಮ್ಮೆ ಓದಬೇಕು. ಬೀಡಿ ಹೊಗೆಸೊಪ್ಪಿನ ಅಭ್ಯಾಸ ಕೇಳುತ್ತದೆ, ಹೆಂಡ ಕೇಳುತ್ತದೆ, ಸೊಂಟದ ಸುತ್ತಳತೆ ಕೇಳುತ್ತದೆ. ವಾರಕ್ಕೆ ಕನಿಷ್ಠ 150 ನಿಮಿಷ ಮೈಗೆ ವ್ಯಾಯಾಮ ಸಿಗುತ್ತದೆಯೇ ಎಂದು ಕೇಳುತ್ತದೆ. ಐವತ್ತು ವರ್ಷ ನಾಟಿ ಹಾಕಿ, ಮಣ್ಣು ಹೊತ್ತು, ಈಗ ಸೊಂಟ ನೇರ ಮಾಡಲಾಗದೆ ಕೂತವರಿಗೆ ಈ ಪ್ರಶ್ನೆ! ಉಪ್ಪು ಕಮ್ಮಿ ಮಾಡಿ ಎಂದರೆ “ಉಪ್ಪು ಬುಟ್ರೆ ಸಾರ್ನಲ್ಲಿ ಇನ್ನೇನೈತೆ ಕಣವ್ವ” ಎನ್ನುತ್ತಾರೆ. ಅದು ತಮಾಷೆಯಲ್ಲ. ಬೇಳೆ ತರಕಾರಿ ಕಡಿಮೆಯಾದಷ್ಟೂ ಮುದ್ದೆ ಇಳಿಯಲು ಉಪ್ಪು ಖಾರ ಏರಬೇಕು. ಅನ್ನಭಾಗ್ಯದ ಅಕ್ಕಿ 2013ರಿಂದ ನಮ್ಮ ಮನೆಗಳ ಹಸಿವು ಕಳೆದಿದೆ, ಅದನ್ನು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಸಕ್ಕರೆ ಕಾಯಿಲೆಯ ಮುದುಕನಿಗೆ ಅನ್ನ ಬಿಡು, ಹಣ್ಣು ಸೊಪ್ಪು ತಿನ್ನು ಎನ್ನುವ ಪಾಠ ಅವನ ಚೀಲದೊಳಗೆ ಏನಿದೆ ಎಂದು ನೋಡದೆ ಬಂದ ಪಾಠ. ರೋಗದ ಕಾರಣವನ್ನೆಲ್ಲ ರೋಗಿಯ ಅಭ್ಯಾಸದ ಮೇಲೆ ಹಾಕಿ, ಕೂಲಿಯ ದರದ ಮೇಲೆ, ತಿಪ್ಪೆಯ ಪಕ್ಕದ ಮನೆಯ ಮೇಲೆ ಹಾಕದಿರುವ ಜಾಣತನ ಈ ಆರೋಗ್ಯ ಬೋಧನೆಯಲ್ಲಿ ಹಳೆಯದು. ನೀರು ಕುದಿಸಿ, ಸೌದೆ ಕೇಳಬೇಡಿ ಎಂದ ಕಾಲದಿಂದ ಬಂದದ್ದು.

ಆದರೂ ಆ ಫಾರಮ್ಮಿನ ಕೊನೆಗೆ 60 ದಾಟಿದವರಿಗೆಂದೇ ಕೆಲವು ಪ್ರಶ್ನೆಗಳಿವೆ. ನಿಲ್ಲುವಾಗ ನಡೆಯುವಾಗ ತೂರಾಡುತ್ತದೆಯೇ? ಉಣ್ಣಲು, ಬಟ್ಟೆ ಉಡಲು, ಸ್ನಾನಕ್ಕೆ, ಕಕ್ಕಸಿಗೆ ಇನ್ನೊಬ್ಬರ ಸಹಾಯ ಬೇಕೇ? ಹತ್ತಿರದವರ ಹೆಸರು, ಸ್ವಂತ ಮನೆಯ ವಿಳಾಸ ಮರೆಯುತ್ತದೆಯೇ? ಇವನ್ನು ಓದಿದಾಗ ನಮಗೆ ಮೈ ಜುಂ ಎಂದಿತು. ಒಬ್ಬ ಮುದುಕಿಯನ್ನು ನೀನು ಹೇಗೆ ಬದುಕುತ್ತಿದ್ದೀಯೆ ಎಂದು ಸರ್ಕಾರದ ಕಾಗದ ಕೇಳಿದ್ದನ್ನು ನಾವು ಓದಿದ್ದು ಅದೇ ಮೊದಲು. ಕಾಲಂ ಬಂದಿದೆ. ಹೌದು ಎಂದು ಗುರುತು ಹಾಕಿದ ಮೇಲೆ ಏನಾಗುತ್ತದೆ ಎಂಬುದು ಮುಂದಿನ ಪ್ರಶ್ನೆ. ಎಷ್ಟೋ ಕಡೆ ಏನೂ ಆಗುವುದಿಲ್ಲ. ಬಿಪಿ ಮಾತ್ರೆ ಒಂದು ತಿಂಗಳು ಇದ್ದರೆ ಮುಂದಿನ ತಿಂಗಳು ಇಲ್ಲ. ಮಾತ್ರೆಯ ಬಣ್ಣ ಬದಲಾದರೆ ಮುದುಕರು ಗಾಬರಿಯಾಗಿ ನಿಲ್ಲಿಸಿಬಿಡುತ್ತಾರೆ. ಮನೆಗೆ ಮೊದಲು ಓದಿದ ನಮ್ಮಂಥವರಿಗೆ ಪದವಿ ಬಂದ ಮೇಲೆ ಸಿಕ್ಕ ಖಾಯಂ ಕೆಲಸವೆಂದರೆ ಕೇರಿಯ ಮುದುಕರ ಮಾತ್ರೆಪಟ್ಟಿ ಓದಿ ಬೆಳಿಗ್ಗೆಗೆ ಯಾವುದು, ರಾತ್ರಿಗೆ ಯಾವುದು ಎಂದು ಗಂಟು ಕಟ್ಟಿಕೊಡುವುದು.

ಎಲ್ಲಿ ನರ್ಸಮ್ಮ ಜನರ ಭಾಷೆಯವಳೋ ಅಲ್ಲಿ ಕೆಲಸ ಬೇರೆ ತರ ನಡೆದಿದೆ. ಬಿಳಿಗಿರಿರಂಗನ ಬೆಟ್ಟದಲ್ಲಿ 1981ರಿಂದ ಕೆಲಸ ಮಾಡುತ್ತಿರುವ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರ ಆದಿವಾಸಿ ಹುಡುಗಿಯರಿಗೇ ಎ.ಎನ್.ಎಂ. ತರಬೇತಿ ಕೊಟ್ಟು ಪೋಡುಗಳಿಗೆ ಕಳಿಸಿತು. ಮೊಮ್ಮಗಳಂತಿರುವವಳು ತಮ್ಮದೇ ಮಾತಿನಲ್ಲಿ ಹೇಳಿದರೆ ಅಜ್ಜಂದಿರಿಗೆ ಅದು ಸರ್ಕಾರದ ಆಜ್ಞೆಯಂತೆ ಕೇಳುವುದಿಲ್ಲ. ನಮ್ಮ ಕೇರಿಗಳಲ್ಲಿ ಈ ಜಾಗದಲ್ಲಿ ಈಗ ಇರುವವಳು ಆಶಾ. 2005ರ ಯೋಜನೆಯಿಂದ ಬಂದವಳು, ಸಾವಿರ ಜನಕ್ಕೊಬ್ಬಳು, ಸಂಬಳವಿಲ್ಲ, ಗೌರವಧನ. 2021ರ ಮಾರ್ಚಿನಲ್ಲಿ 60 ದಾಟಿದವರಿಗೆ ಕೊರೋನಾ ಲಸಿಕೆ ಶುರುವಾದಾಗ ಸೂಜಿ ಹಾಕಿಸಿಕೊಂಡರೆ ಸಾಯುತ್ತೇವೆಂದು ಹೆದರಿದ ಮುದುಕರನ್ನು ಕೈಹಿಡಿದು ಕರೆದೊಯ್ದವಳು ಅವಳೇ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆಶಾಗಳಿಗೆ ಪ್ರಶಸ್ತಿ ಕೊಟ್ಟಿತು. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಸಂಬಳಕ್ಕಾಗಿ ರಾತ್ರಿ ಹಗಲು ಕೂತರು. ಮುದುಕರ ಆರೋಗ್ಯದ ಮಾತಾಡುವವರು ಈ ಹೆಂಗಸರ ಕೂಲಿಯ ಮಾತನ್ನೂ ಆಡಬೇಕು.

ನಮ್ಮ ಹೋಬಳಿಯ ಆಸ್ಪತ್ರೆಯೊಂದರಲ್ಲಿ ಹಿರಿಯರ ಕ್ಲಿನಿಕ್ಕು ಯಾವ ವಾರ ಎಂದು ವಿಚಾರಿಸಲು ಹೋದಾಗ ಅಲ್ಲಿದ್ದವರಿಗೆ ಅದು ಗೊತ್ತಿರಲಿಲ್ಲ. ಗೋಡೆಯ ಮೇಲೆ ಎಲ್ಲ ವಾರಗಳೂ ಇದ್ದವು: ಲಸಿಕೆಯ ವಾರ, ಬಸುರಿಯರ ವಾರ. ಮೂರು ಬೇಡಿಕೆ ಬರೆದು ಅರ್ಜಿ ತಯಾರು ಮಾಡಿದ್ದೇವೆ. ಹಿರಿಯರ ವಾರವನ್ನು ಗೋಡೆಯ ಮೇಲೆ ಬರೆಯಬೇಕು. ಬಿಪಿ ಸಕ್ಕರೆ ಮಾತ್ರೆ ಮೂರು ತಿಂಗಳಿಗಾಗುವಷ್ಟು ಉಪಕೇಂದ್ರದಲ್ಲೇ ಇರಬೇಕು. ಹಾಸಿಗೆ ಹಿಡಿದವರ ಮನೆ ಭೇಟಿ ಕೇರಿಯಿಂದ ಶುರುವಾಗಬೇಕು. ಹೆಬ್ಬೆಟ್ಟು ಒತ್ತಲು ಹದಿನೇಳು ಮಂದಿ ಹಿರಿಯರು ಒಪ್ಪಿದ್ದಾರೆ. ಏಳಲಾರದ ನಾಲ್ವರ ಮನೆಗೆ ಇಂಕಿನ ಪ್ಯಾಡನ್ನು ನಾವೇ ಒಯ್ಯುತ್ತೇವೆ. ಈ ಪತ್ರಿಕೆ ಓದುವ ಮೇಷ್ಟರುಗಳು, ಹುಡುಗರು ತಮ್ಮ ತಮ್ಮ ಆಸ್ಪತ್ರೆಯ ಗೋಡೆ ನೋಡಿ ಬಂದು ಏನು ಬರೆದಿದೆ ಎಂದು ನಮಗೆ ಕಾರ್ಡು ಹಾಕಿದರೆ ಒಟ್ಟಿಗೆ ಜಿಲ್ಲಾ ಕಚೇರಿಗೆ ಹೋಗಬಹುದು.